ಗಿರಣಿ ರಸ್ತೆಯ ಹೊಸ ಫ್ಲ್ಯಾಶ್

ನಮ್ಮ ಗಿರಣಿ ರಸ್ತೆಯಲ್ಲಿ ಗಿರಣಿ ಇಲ್ಲ. ಇರುವುದು ಮೂವತ್ತೆರಡು ಮನೆ, ಒಂದು ತಿರುವು, ಮತ್ತು ಐವತ್ತರ ಮಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆ ತಿರುವಿನಲ್ಲಿ ಎಂಬತ್ತರಲ್ಲಿ ಹಾರಿಬರುವ ಕಾರುಗಳು. ಬೆಳಿಗ್ಗೆ ಆರೂವರೆಗೆ ಊರಿನ ಅರ್ಧ ಜನ ಈ ದಾರಿಯಲ್ಲೇ ಕೆಲಸಕ್ಕೆ ಓಡುತ್ತಾರೆ. ನಾನು, ಅಂದರೆ ವಿಗ್ಗೋ, ಇಲ್ಲಿನ ಮನೆಮಾಲೀಕರ ಸಂಘದ ಕಾರ್ಯದರ್ಶಿ. ವೇಗ ಮೀರಿದವರ ಮುಖಕ್ಕೆ ಫಳ್ಳನೆ ಬೆಳಕು ಬಿಟ್ಟು ಚಿತ್ರ ಹಿಡಿಯುವ ಪೊಲೀಸ್ ಕ್ಯಾಮೆರಾ ಒಂದನ್ನು ಹಾಕಿಸಿಕೊಡಿ ಎಂದು ಹನ್ನೊಂದು ವರ್ಷದಲ್ಲಿ ಪುರಸಭೆಗೆ ಇಪ್ಪತ್ಮೂರು ಪತ್ರ ಬರೆದಿದ್ದೇನೆ. ಇಪ್ಪತ್ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. ಉತ್ತರ ಬರೆಯುವುದರಲ್ಲಿ ನಮ್ಮ ಪುರಸಭೆ ಎಂದೂ ತಡ ಮಾಡಿದ್ದಿಲ್ಲ.

ಆ ತಿರುವಿನ ಮೇಲೆಯೇ, ಹದಿನಾಲ್ಕನೇ ಮನೆಯಲ್ಲಿ ಇರುವವನು ಪ್ರೇಬೆನ್. ನನ್ನ ಪಕ್ಕದ ಮನೆಯವನು, ಚೀಸ್ ಗೋದಾಮಿನಲ್ಲಿ ಕೆಲಸ. ಅವನಷ್ಟು ಒಳ್ಳೆಯ ಮನುಷ್ಯನನ್ನು ನಮ್ಮ ದಕ್ಷಿಣ ಜಟ್ಲಂಡ್ ಸೀಮೆಯಲ್ಲೆಲ್ಲ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಅವನು ಕೈ ಹಾಕಿದ ಕೆಲಸ ಅರ್ಧ ದಾರಿಯಲ್ಲಿ ತನ್ನದೇ ಬುದ್ಧಿ ತೋರಿಸುತ್ತದೆ. ಒಮ್ಮೆ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತೋಟದಲ್ಲಿ ಗೂಡು ಕಟ್ಟಿದ. ಯಂತ್ರವನ್ನು ನಡುವೆ ಇಟ್ಟುಕೊಂಡು ಸುತ್ತ ಗೋಡೆ ಎಬ್ಬಿಸಿದ್ದ. ಬಾಗಿಲು ಚಿಕ್ಕದಾಯಿತು, ಯಂತ್ರ ಈಗಲೂ ಒಳಗೇ ಇದೆ.

ಪ್ರೇಬೆನ್‌ನ ಬದುಕಿನಲ್ಲಿ ಒಂದೇ ಒಂದು ಕಳಂಕವಿತ್ತು, ಅದು ಅವನ ಮಾವನ ಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿತ್ತು. ಮಾವ ಥೋರ್ವಾಲ್ಡ್, ಅತ್ತೆ ಎಲ್ನಾ. ಅದೇ ರಸ್ತೆಯ ಮೂವತ್ತೊಂದನೇ ಮನೆ. ಥೋರ್ವಾಲ್ಡ್ ನಿವೃತ್ತ ಡ್ರೈವಿಂಗ್ ಮೇಷ್ಟ್ರು. ಊರಿಗೆಲ್ಲ ಕಾರು ಓಡಿಸಲು ಕಲಿಸಿದವರು, ಐವತ್ತಮೂರು ವರ್ಷದಲ್ಲಿ ಒಂದೇ ಒಂದು ದಂಡ ಕಟ್ಟದವರು. ಅವರ ಮದುವೆಗೆ ಇಪ್ಪತ್ತೈದು ತುಂಬಿದ ಬೆಳ್ಳಿ ಮದುವೆಯ ದಿನ ಫೋಟೊ ತೆಗೆದವನು ಹೊಸ ಅಳಿಯ ಪ್ರೇಬೆನ್. ಅವನ ಹಳೆಯ ಫ್ಲ್ಯಾಶು ಒಂದು ಸಲ ಮಿಂಚುವ ಮೊದಲು ಇಪ್ಪತ್ತು ಸೆಕೆಂಡು ಸೊಳ್ಳೆಯ ಹಾಗೆ ಕುಂಯ್ ಎನ್ನುತ್ತಿತ್ತು, ಆಮೇಲೆ ಕೆಂಪು ದೀಪ ಹತ್ತಬೇಕು, ಆಮೇಲೆ ಬೆಳಕು. ಗಂಡ ಹೆಂಡತಿ ಇಬ್ಬರೂ ಆ ಇಪ್ಪತ್ತು ಸೆಕೆಂಡು ರೆಪ್ಪೆ ಹೊಡೆಯದೆ ನಿಂತು, ಸರಿಯಾಗಿ ಬೆಳಕು ಬಂದಾಗ ಕಣ್ಣು ಮುಚ್ಚಿದರು. ಪ್ರೇಬೆನ್ ಒಂಬತ್ತು ಚಿತ್ರ ತೆಗೆದ. ಒಂಬತ್ತರಲ್ಲೂ ಮದುಮಕ್ಕಳು ನಿದ್ದೆಯಲ್ಲಿದ್ದರು.

"ಅಳಿಯ ತೆಗೆದದ್ದು," ಎಂದು ಬಂದವರಿಗೆಲ್ಲ ಥೋರ್ವಾಲ್ಡ್ ಇಪ್ಪತ್ತೈದು ವರ್ಷ ಆ ಚಿತ್ರವನ್ನು ತೋರಿಸಿದರು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಪ್ರೇಬೆನ್‌ಗೆ ಅಷ್ಟೇ ಸಾಕಾಗಿತ್ತು.

ಈಗ ಚಿನ್ನದ ಮದುವೆ ಬಂತು. ನವೆಂಬರ್ ಇಪ್ಪತ್ತೆಂಟು, ಶನಿವಾರ. ನಮ್ಮ ಕಡೆ ಐವತ್ತು ವರ್ಷ ತುಂಬಿದವರ ಬಾಗಿಲಿಗೆ ನೆರೆಯವರು ಹಿಂದಿನ ಸಂಜೆಯೇ ಹಸಿರು ಕೊಂಬೆಗಳ ಕಮಾನು ಕಟ್ಟುತ್ತಾರೆ. ಬೆಳಿಗ್ಗೆ ಕತ್ತಲಿರುವಾಗಲೇ ಕಹಳೆಯವರನ್ನು ಕರೆತಂದು, ಹಾಡಿ, ಅವರನ್ನು ಎಬ್ಬಿಸುತ್ತಾರೆ. ಅವರು ರಾತ್ರಿಯುಡುಪಿನಲ್ಲಿ ಬಾಗಿಲು ತೆರೆದು, "ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ!" ಎನ್ನಬೇಕು. ಫೋಟೊ ತೆಗೆಯುವುದು ಆ ಗಳಿಗೆಯಲ್ಲಿ. ಅದು ತಪ್ಪಿದರೆ ಇನ್ನು ವಜ್ರದ ಮದುವೆಗೆ ಹತ್ತು ವರ್ಷ ಕಾಯಬೇಕು. ಥೋರ್ವಾಲ್ಡ್‌ಗೆ ಆಗಲೇ ಎಪ್ಪತ್ತೆಂಟು.

ಪ್ರೇಬೆನ್ ಹಳೆಯ ಫ್ಲ್ಯಾಶನ್ನು ಚೀಲದಲ್ಲಿ ಹಾಕಿಕೊಂಡು ಪಕ್ಕದ ದೊಡ್ಡ ಊರಿನ ಕ್ಯಾಮೆರಾ ಅಂಗಡಿಗೆ ಹೋದ. ಅಲ್ಲಿದ್ದ ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಈ ಮಾಡೆಲ್ ನಿಂತುಹೋಗಿ ತುಂಬಾ ವರ್ಷ ಆಯ್ತು. ಇದರ ಜಾಗಕ್ಕೆ ಬಂದದ್ದೂ ನಿಂತುಹೋಯ್ತು. ಅದರ ಜಾಗಕ್ಕೆ ಬಂದಿರೋದು ಇದು. ಕಾಯೋದೇ ಬೇಡ, ಒತ್ತಿದಷ್ಟು ಸಲ ಮಿಂಚುತ್ತೆ."

"ಕುಂಯ್ ಅನ್ನಲ್ವಾ?"

"ಉಸಿರೂ ಬಿಡಲ್ಲ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಬೆಳಕನ್ನ ನೇರವಾಗಿ ಮುಖಕ್ಕೆ ಹೊಡೀಬೇಡಿ. ಇದರ ತಲೆ ತಿರುಗುತ್ತೆ ನೋಡಿ, ಹೀಗೆ ಹಿಂದಕ್ಕೆ ತಿರುಗಿಸಿ. ನಿಮ್ಮ ಹಿಂದಿನ ಗೋಡೆಗೆ ಬಿದ್ದು ವಾಪಸ್ ಬರೋ ಬೆಳಕು ಬೆಣ್ಣೆ ಥರ ಇರುತ್ತೆ."

ಪ್ರೇಬೆನ್ ಆ ಮಾತನ್ನು ದೇವರ ವಾಕ್ಯದಂತೆ ಜೋಪಾನವಾಗಿ ಮನೆಗೆ ತಂದ. ತಲೆ ಹಿಂದಕ್ಕೆ ಎಂಬುದು ಪೂರ್ತಿ ನೆನಪಿತ್ತು. ಗೋಡೆ ಎಂಬುದು ಬಸ್ಸಿನಲ್ಲೆಲ್ಲೋ ಬಿದ್ದುಹೋಗಿತ್ತು.

ಫೋಟೊ ಬೆಳಗಿನ ಕತ್ತಲಲ್ಲಿ ತೆಗೆಯುವುದಾದ್ದರಿಂದ ಅಭ್ಯಾಸವೂ ಬೆಳಗಿನ ಕತ್ತಲಲ್ಲೇ ಆಗಬೇಕೆಂದು ಅವನು ತೀರ್ಮಾನಿಸಿದ. ಪ್ರತಿದಿನ ಆರೂವರೆಗೆ, ಮುಂದಿನ ಕೋಣೆಯಲ್ಲಿ. ಅಡುಗೆಮನೆಯ ಬಾಗಿಲಿಗೆ ಎರಡು ಕೊಂಬೆ ಕಟ್ಟಿ ಕಮಾನು ಮಾಡಿದ. ಕೋಟು ತೂಗುವ ಕಂಬಕ್ಕೆ ಟೊಪ್ಪಿಗೆ ಹಾಕಿ ಮಾವನನ್ನು ಮಾಡಿದ. ಕಸ ಹೀರುವ ಯಂತ್ರಕ್ಕೆ ಶಾಲು ಹೊದಿಸಿ ಅತ್ತೆಯನ್ನು ಮಾಡಿದ. ಅವರಿಗೆ ಎದುರಾಗಿ, ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ನಿಂತ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಬೀಟ್ ಗೆಡ್ಡೆಯ ಹೊಲ. ಪರದೆ ಎಳೆಯುವ ಮಾತೇ ಇಲ್ಲ. ನಮ್ಮಲ್ಲಿ ಪರದೆ ಎಳೆದರೆ ಒಳಗೇನೋ ನಡೆದಿದೆ ಎಂದು ಊರು ಮಾತಾಡಿಕೊಳ್ಳುತ್ತದೆ.

ಫ್ಲ್ಯಾಶಿನ ತಲೆ ಹಿಂದಕ್ಕೆ ತಿರುಗಿತು. ಬೆಳಕು ಕಿಟಕಿಯಿಂದ ನೇರವಾಗಿ ರಸ್ತೆಗೆ ಹಾರಿತು. ಒಳಗೆ ಚಿತ್ರ ಕಪ್ಪಾಗಿ ಬಂತು.

"ಏನೂ ಕಾಣ್ತಿಲ್ಲ ಕಣೇ," ಎಂದ ಪ್ರೇಬೆನ್.

"ನಮ್ಮಮ್ಮನ್ನ ಕಸದ ಯಂತ್ರ ಮಾಡಿದ್ದು ಕಾಣದೇ ಇದ್ರೇ ಒಳ್ಳೇದು," ಎಂದಳು ಹೆಂಡತಿ ಇಂಗೆಲಿಸ್, ಅಡುಗೆಮನೆಯೊಳಗೆ ಕಾಫಿ ಬಗ್ಗಿಸಿಕೊಳ್ಳುತ್ತ.

"ಬೆಳಕು ಸಾಲ್ತಿಲ್ಲ. ಇನ್ನೂ ಜೋರು ಮಾಡ್ಬೇಕು."

ಜೋರು ಮಾಡಿದ. ಚಿತ್ರ ಕಪ್ಪು. ಇನ್ನೂ ಜೋರು ಮಾಡಿದ. ಆಗಲೂ ಕಪ್ಪು. ಹೊಸ ಮಾಡೆಲಿನಲ್ಲಿ ಕಾಯುವುದೇ ಇಲ್ಲವಲ್ಲ. ಅರ್ಧ ಗಂಟೆಯಲ್ಲಿ ನಲವತ್ತು ಸಲ ಮಿಂಚಿಸಿದ. ಇದನ್ನೆಲ್ಲ ನಾನು ಈಗ ಎಲ್ಲ ಕಂಡವನಂತೆ ಬರೆಯುತ್ತಿದ್ದೇನೆ. ಆಗ ಗೊತ್ತಿದ್ದರೆ ಪಕ್ಕದ ಮನೆಯಲ್ಲಿ ಹಾಯಾಗಿ ಮಲಗಿರುತ್ತಿರಲಿಲ್ಲ.

ನನಗೆ ಸುದ್ದಿ ತಿಳಿದದ್ದು ಮೂರನೇ ದಿನ, ಬೇಕರಿಯಲ್ಲಿ. ಬನ್ನಿಗೆ ಸಾಲು ನಿಂತವರ ಮುಖಗಳೆಲ್ಲ ಬಾಡಿದ್ದವು.

"ನಿಮ್ಮ ರಸ್ತೇಲಿ ಕ್ಯಾಮೆರಾ ಹಾಕಿದಾರಂತೆ ವಿಗ್ಗೋ," ಎಂದಳು ಬೇಕರಿಯವಳು. "ನಮ್ಮೆಜಮಾನ್ರಿಗೆ ಎರಡು ಸಲ ಹೊಡೀತು."

"ನನಗೆ ಮೂರು," ಎಂದ ನಲ್ಲಿ ರಿಪೇರಿಯವನು. "ಅರವತ್ಮೂರರಲ್ಲಿದ್ದೆ. ಇಲ್ಲ, ಸುಳ್ಳು ಯಾಕೆ, ಎಪ್ಪತ್ನಾಲ್ಕು."

ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮೂರಿನವರು ಹೆಗಲು ಮುಟ್ಟಿಕೊಂಡು ಕುಂಬಳಕಾಯಿಯ ತೂಕವನ್ನೂ ಹೇಳುತ್ತಾರೆ. ಸಾಲಿನ ಕೊನೆಯಲ್ಲಿ ನಿಂತಿದ್ದ ಚರ್ಚಿನ ಪಾದ್ರಿಯಮ್ಮ ಮೆಲ್ಲಗೆ ಬಾಯಿಬಿಟ್ಟರು.

"ನನಗೂ ಹೊಡೀತು. ಆದ್ರೆ ನಾನು ಸೈಕಲ್ಲಲ್ಲಿದ್ದೆ."

ಸೈಕಲ್ಲನ್ನೂ ಬಿಡದ ಕ್ಯಾಮೆರಾ ಎಂದ ಮೇಲೆ ಅದು ಸಾಮಾನ್ಯದ್ದಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ಮರುದಿನದಿಂದ ಗಿರಣಿ ರಸ್ತೆಯಲ್ಲಿ ಕಾರುಗಳು ಶವಯಾತ್ರೆಯ ಹಾಗೆ ಸಾಲಾಗಿ, ನಲವತ್ತರಲ್ಲಿ, ಒಂದರ ಹಿಂದೊಂದು ಹೋಗತೊಡಗಿದವು. ಹನ್ನೊಂದು ವರ್ಷದ ನನ್ನ ಹೋರಾಟ ಫಲಿಸಿತ್ತು. ನನಗೆ ಕಣ್ಣು ತುಂಬಿ ಬಂದದ್ದು ನಿಜ.

ಧನ್ಯವಾದ ಹೇಳಲು ನಾನೇ ಖುದ್ದಾಗಿ ಪುರಸಭೆಗೆ ಹೋದೆ. ರಸ್ತೆ ವಿಭಾಗದ ಮೋಗೆನ್ಸ್ ಎಂಬ ಅಧಿಕಾರಿ ನನ್ನ ಮಾತು ಕೇಳಿ ಕ್ಷಣಕಾಲ ತಬ್ಬಿಬ್ಬಾದರು. ಆದರೆ ಧನ್ಯವಾದ ಹೇಳಲು ಬಂದವನನ್ನು ಬರಿಗೈಯಲ್ಲಿ ಕಳಿಸಿದ ಅಧಿಕಾರಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

"ಹೂಂ, ಅದು... ಪೊಲೀಸರಿಗೆ ನಾವೇ ಬಲವಾಗಿ ಶಿಫಾರಸು ಮಾಡಿದ್ವಿ."

"ಎಲ್ಲಿ ಇಟ್ಟಿದೀರಿ ಅಂತ ಯಾರಿಗೂ ಕಾಣ್ತಿಲ್ಲ ಸ್ವಾಮಿ."

"ಕಾಣಬಾರದು ವಿಗ್ಗೋ ಅವರೇ. ಹಳೇದು ಕಾಣ್ತಿತ್ತು. ಅದನ್ನೆಲ್ಲ ತೆಗೆದು ಈಗ ಹೊಸ ಮಾಡೆಲ್ ಹಾಕ್ತಿದೀವಿ," ಎಂದು ಮೋಗೆನ್ಸ್ ದನಿ ತಗ್ಗಿಸಿದರು. "ಹೆಚ್ಚು ಕೇಳಬೇಡಿ."

ನಾನು ಹೆಚ್ಚು ಕೇಳಲಿಲ್ಲ. ಊರು ಮಾತ್ರ ಬಿಡಲಿಲ್ಲ. ಬೆಳಕು ಹದಿನಾಲ್ಕನೇ ಮನೆಯ ಮುಂದಿನಿಂದ ಬರುತ್ತದೆ. ಅಲ್ಲಿ ಪ್ರೇಬೆನ್‌ನ ಬರ್ಚ್ ಮರವಿದೆ. ಮರದಲ್ಲಿ ಹಕ್ಕಿಗೂಡಿನ ಪೆಟ್ಟಿಗೆ ಇದೆ. ಅಂದಮೇಲೆ ಕ್ಯಾಮೆರಾ ಅದರೊಳಗೇ ಇದೆ ಎಂದು ತೀರ್ಪಾಯಿತು. ಇದನ್ನು ಕೇಳಿ ಎಲ್ಲರಿಗಿಂತ ಬೆರಗಾದವನು ಪ್ರೇಬೆನ್. ಭಾನುವಾರ ಮಧ್ಯಾಹ್ನ ಏಣಿ ಹಾಕಿ ಹತ್ತಿ ಪೆಟ್ಟಿಗೆಯಲ್ಲಿ ಇಣುಕಿದ. ಕೆಳಗೆ ನಾನು ಏಣಿ ಹಿಡಿದಿದ್ದೆ.

"ಏನಿದೆ?"

"ಹುಲ್ಲು, ಎರಡು ಪುಕ್ಕ."

"ಕ್ಯಾಮೆರಾ?"

ಪ್ರೇಬೆನ್ ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಿದ. "ಈಗಿನ ಮಾಡೆಲ್‌ಗಳು ಎಷ್ಟು ಸಣ್ಣ ಅಂದ್ರೆ, ನೋಡಿದ್ರೂ ಕಾಣ್ಸಲ್ಲ ಮಾರಾಯ. ನನ್ನ ಹೊಸ ಫ್ಲ್ಯಾಶೂ ಅಷ್ಟೇ, ಹಳೇದರ ಅರ್ಧ ಇಲ್ಲ." ಕೆಳಗಿಳಿದು, ಇನ್ನು ಮೇಲೆ ತಾನೂ ನಲವತ್ತಕ್ಕಿಂತ ಜೋರಾಗಿ ಓಡಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿದ್ದೆ. ಕೂಸಿಗೇ ಹೆದರಿದವನನ್ನು ಕಂಡದ್ದು ಅದೇ ಮೊದಲು.

ಅಲ್ಲಿಗೆ ಎಲ್ಲ ಸುಖವಾಗಿಯೇ ಇತ್ತು. ಚಿನ್ನದ ಮದುವೆಗೆ ನಾಲ್ಕು ದಿನ ಇದ್ದಾಗ ಥೋರ್ವಾಲ್ಡ್ ನನ್ನ ಅಡುಗೆಮನೆಗೆ ಬಂದು, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ವಿಗ್ಗೋ, ನನ್ನ ಕಥೆ ಮುಗೀತು ಕಣಯ್ಯ."

"ಡಾಕ್ಟ್ರು ಏನಾದ್ರೂ ಹೇಳಿದ್ರಾ?"

"ಡಾಕ್ಟ್ರಲ್ಲ. ಕ್ಯಾಮೆರಾ. ಬೆಳಿಗ್ಗೆ ಬನ್ ತರೋಕೆ ಹೋಗ್ತಿದ್ದೆ. ಮುಳ್ಳು ನಲವತ್ತೆಂಟರಲ್ಲಿತ್ತು, ನನ್ನ ಕಣ್ಣಾರೆ ನೋಡಿದೀನಿ. ಫಳ್ ಅಂತ ಹೊಡೀತು. ಮುಖಕ್ಕೇ."

"ನಲವತ್ತೆಂಟು ಅಂದ್ರೆ ಸರಿಯಾಗೇ ಇದೆಯಲ್ಲ?"

"ಹಾಗಾದ್ರೆ ಕ್ಯಾಮೆರಾ ಸುಳ್ಳು ಹೇಳುತ್ತಾ? ಪೊಲೀಸರ ಕ್ಯಾಮೆರಾ? ಇಲ್ಲಪ್ಪ. ನನ್ನ ಕಣ್ಣೇ ಮಂಜಾಗಿದೆ. ಐವತ್ತಮೂರು ವರ್ಷ ಊರಿಗೆಲ್ಲ ಬುದ್ಧಿ ಹೇಳಿ, ಕೊನೆಗೆ ಒಂದು ಬನ್ನಿಗೋಸ್ಕರ ಸಿಕ್ಕಿಬಿದ್ದೆ." ಅವರು ಕಾಫಿಯನ್ನೂ ಮುಟ್ಟಲಿಲ್ಲ. "ಶನಿವಾರ ಯಾರೂ ಬರಬೇಡಿ ಅಂತ ಹೇಳು. ಕಮಾನು ಬೇಡ, ಕಹಳೆ ಬೇಡ. ನಿಂತಿರೋರಲ್ಲಿ ಅರ್ಧ ಜನ ನನ್ನ ಶಿಷ್ಯರು. ಅವರ ಮುಂದೆ ನಾನು ಬಾಗಿಲು ತೆಗೆಯಲ್ಲ."

ಅಂದಿನಿಂದ ಅವರು ದಿನವೂ ಅಂಚೆಪೆಟ್ಟಿಗೆಯ ಪಕ್ಕ ನಿಂತು ದಂಡದ ಪತ್ರಕ್ಕೆ ಕಾದರು. ಬರಲಿಲ್ಲ. ಬಾರದ್ದರಿಂದ ಇನ್ನೂ ಕುಗ್ಗಿದರು; ದೊಡ್ಡ ಅಪರಾಧಗಳ ಕಾಗದ ತಡವಾಗಿ ಬರುತ್ತದಂತೆ. ಕಾರಿನ ಕೀಲಿಯನ್ನು ಎಲ್ನಾಳ ಕೈಗೆ ಕೊಟ್ಟುಬಿಟ್ಟರು.

ಸುದ್ದಿ ಕೇಳಿ ಪ್ರೇಬೆನ್ ನೇರ ಮಾವನ ಮನೆಗೆ ಓಡಿದ. ನಾನೂ ಜೊತೆಗೆ ಹೋದೆ.

"ಮಾವ, ನೀವು ಬಾಗಿಲು ತೆಗೆಯದಿದ್ರೆ ನಾನು ಯಾರ ಫೋಟೊ ತೆಗೀಲಿ? ಎರಡು ವಾರದಿಂದ ಅಭ್ಯಾಸ ಮಾಡ್ತಿದೀನಿ."

"ನನ್ನ ಫೋಟೊ ಆಗ್ಲೇ ತೆಗೆದಿದಾರೆ. ಪೊಲೀಸರ ಹತ್ರ ಇದೆ. ಹೋಗಿ ಇಸ್ಕೋ."

"ನೀವು ಹೀಗಂದ್ರೆ ಅತ್ತೆಗೆ ಎಷ್ಟು ಬೇಜಾರಾಗುತ್ತೆ ಯೋಚಿಸಿ."

ಎಲ್ನಾ ಕಾಲುಚೀಲ ಹೆಣೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ನನಗೇನೂ ಬೇಜಾರಿಲ್ಲಪ್ಪ. ಇವರು ಒಳಗೇ ಇರ್ಲಿ. ಐವತ್ತು ವರ್ಷ ಇವರ ಜೊತೆ ಸಂಸಾರ ಮಾಡಿದವಳು ನಾನು. ಕಹಳೆ ಊದಿಸಿಕೊಳ್ಳೋ ಹಕ್ಕು ನನಗೆ ಒಬ್ಬಳಿಗಿದ್ರೂ ಸಾಕು."

ಹೊರಗೆ ಬಂದ ಮೇಲೆ ಪ್ರೇಬೆನ್ ಗೇಟು ಹಿಡಿದು ನಿಂತ. "ಆ ಗೋಡೆ ಮೇಲಿನ ಚಿತ್ರ ಇಳಿಸೋಕೆ ಇಪ್ಪತ್ತೈದು ವರ್ಷ ಕಾದೆ ವಿಗ್ಗೋ. ಆ ಹಾಳು ಕ್ಯಾಮೆರಾ ಇಟ್ಟವನು ಯಾರು ಅಂತ ಗೊತ್ತಾದ್ರೆ..." ಗೊತ್ತಾದರೆ ಏನು ಮಾಡುವುದೆಂದು ಅವನಿಗೆ ಹೊಳೆಯಲಿಲ್ಲ. ದುಃಖ ಮರೆಯಲು ಮರುದಿನ ಬೆಳಿಗ್ಗೆ ಅರವತ್ತು ಸಲ ಅಭ್ಯಾಸ ಮಾಡಿದ.

ಬೇಡ ಎಂದರೂ ಶುಕ್ರವಾರ ಸಂಜೆ ನಾವು ಕಮಾನು ಕಟ್ಟಿದೆವು. ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದರೆ ಒಳಗೆ ಟಿವಿಯ ಸದ್ದು ಏರುತ್ತಲೇ ಹೋಯಿತು. ಏನೂ ಕೇಳಿಸದಂತೆ ನಟಿಸುವುದು ಮದುಮಕ್ಕಳ ಧರ್ಮ. ಟಿವಿ ಅಷ್ಟು ಜೋರಾದದ್ದರಿಂದ ಥೋರ್ವಾಲ್ಡ್‌ರಲ್ಲಿ ಇನ್ನೂ ಸ್ವಲ್ಪ ಜೀವವಿದೆ ಎಂದು ನನಗೆ ಅನಿಸಿತು. ನಡುವೆ ಚಿನ್ನದ ಕಾಗದದ ಐವತ್ತನ್ನು ಅಂಟಿಸಿದವನು ಪ್ರೇಬೆನ್. ಐದು ತಲೆಕೆಳಗಾಗಿತ್ತು, ಇಂಗೆಲಿಸ್ ಸರಿಮಾಡಿದಳು.

ಶನಿವಾರ ಬೆಳಿಗ್ಗೆ ಆರೂವರೆ. ಕೊರೆಯುವ ಚಳಿ. ನಲವತ್ತು ಜನ, ಆರು ಕಹಳೆ. ನಾವು ಹಾಡಿದೆವು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಹಾಡು ಹಾಡಿದೆವು. ಎಲ್ನಾ ಒಬ್ಬಳೇ ಕೋಟು ಹೊದ್ದು ಬಾಗಿಲ ಸಂದಿಯಲ್ಲಿ ಮುಖ ಹಾಕಿ, "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ!" ಎಂದು ಪದ್ಧತಿಯಂತೆ ಹೇಳಿ, "ಅವರು ಪರದೆ ಹಿಂದೆ ನಿಂತಿದಾರೆ. ಹಾಡ್ತಾ ಇರಿ," ಎಂದು ಮತ್ತೆ ಒಳಗೆ ಹೋದಳು. ಮಲಗುವ ಕೋಣೆಯ ಪರದೆ ಒಂದಿಷ್ಟು ಅಲುಗಿತು.

ಮೂರನೇ ಹಾಡು ನಮಗೆ ಬಾಯಿಪಾಠ ಇರಲಿಲ್ಲ. ಸುಮ್ಮನಾದೆವು. ಪ್ರೇಬೆನ್ ಬಾಗಿಲಿಗೆ ಎದುರಾಗಿ, ನಮಗೆಲ್ಲ ಬೆನ್ನು ಹಾಕಿ ನಿಂತಿದ್ದ. ಎರಡು ವಾರದ ಅಭ್ಯಾಸ ವ್ಯರ್ಥವಾಗಬಾರದಲ್ಲ. ಬರಿಯ ಕಮಾನನ್ನಾದರೂ ತೆಗೆಯೋಣವೆಂದು ಗುಂಡಿ ಒತ್ತಿದ.

ಹಿಂದಕ್ಕೆ ತಿರುಗಿದ್ದ ತಲೆಯಿಂದ ಹೊರಟ ಬೆಳಕು ನಲವತ್ತು ಜನರ ಕಣ್ಣಿಗೆ ಒಟ್ಟಿಗೇ ಬಡಿಯಿತು. ಒಂದು ಕಹಳೆ ಕೆಳಗೆ ಬಿತ್ತು. ನಾನು ನಲ್ಲಿ ರಿಪೇರಿಯವನನ್ನು ತಬ್ಬಿಕೊಂಡೆ.

"ಇದೇ! ಇದೇ ಬೆಳಕು!" ಎಂದು ಪಾದ್ರಿಯಮ್ಮ ಕೂಗಿದರು. "ಸೈಕಲ್ಲಲ್ಲಿ ನನಗೆ ಹೊಡೆದದ್ದು ಇದೇ!"

ನಲವತ್ತು ಜನ ಪ್ರೇಬೆನ್‌ನತ್ತ ನೋಡಿದರು. ಪ್ರೇಬೆನ್ ಕ್ಯಾಮೆರಾದತ್ತ ನೋಡಿದ. ಚಿತ್ರ ಎಂದಿನಂತೆ ಕಪ್ಪಾಗಿತ್ತು. ಅವನ ತಲೆಯೊಳಗೆ ಕಿಟಕಿ, ರಸ್ತೆ, ಬೆಳಗಿನ ಆರೂವರೆ ಒಂದೊಂದಾಗಿ ಬಂದು ಕೂರುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಅಯ್ಯಯ್ಯೋ," ಎಂದ ಅವನು. "ಕ್ಯಾಮೆರಾ ನಾನೇನಾ?"

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯುವಂತೆ ತೆರೆಯಿತು. ಪಟ್ಟೆಪಟ್ಟೆಯ ರಾತ್ರಿಯುಡುಪಿನಲ್ಲಿ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಥೋರ್ವಾಲ್ಡ್ ಕಮಾನಿನ ಕೆಳಗೆ ಪ್ರತ್ಯಕ್ಷರಾದರು. ಹಿಂದೆಯೇ ಎಲ್ನಾ.

"ನೀನಾ!" ಎಂದು ಗುಡುಗಿದರು. "ನಲವತ್ತೆಂಟರಲ್ಲೇ ಇದ್ದೆ! ನಾನು ಹೇಳಲಿಲ್ವಾ, ನಲವತ್ತೆಂಟು!"

"ಮಾವ, ಆ ಹುಡುಗಿ ತಲೆ ಹಿಂದಕ್ಕೆ ತಿರುಗಿಸಿ ಅಂದ್ಲು..."

"ಮುಂದಕ್ಕೆ ತಿರುಗಿಸು ಪೆದ್ದ!" ಎಂದು ಇಂಗೆಲಿಸ್ ಕೈ ಚಾಚಿ ಫ್ಲ್ಯಾಶಿನ ಕತ್ತನ್ನು ಕಟಕ್ಕೆಂದು ತಿರುಗಿಸಿ, ಗಂಡನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿಯೇಬಿಟ್ಟಳು.

ಹೊಸ ಮಾಡೆಲ್ ಕುಂಯ್ ಎನ್ನಲಿಲ್ಲ. ಕಣ್ಣು ಮುಚ್ಚಿಕೊಳ್ಳಲು ಯಾರಿಗೂ ಹೊತ್ತು ಸಿಗಲಿಲ್ಲ.

ಎಲ್ಲರೂ ಕ್ಯಾಮೆರಾದ ಸುತ್ತ ಮುತ್ತಿದರು. ಹಸಿರು ಕಮಾನು, ಚಿನ್ನದ ಐವತ್ತು, ಅದರ ಕೆಳಗೆ ಬಾಯಿಯನ್ನೂ ಕಣ್ಣನ್ನೂ ಆದಷ್ಟು ಅಗಲ ತೆರೆದು ನಿಂತ ಥೋರ್ವಾಲ್ಡ್. ಅವರ ಭುಜದ ಹಿಂದೆ ಹೊಟ್ಟೆ ಹಿಡಿದು ನಗುತ್ತಿರುವ ಎಲ್ನಾ. ಒಂದೊಂದು ಪಟ್ಟೆಯೂ ಎಣಿಸುವಷ್ಟು ಸ್ಪಷ್ಟ. ಥೋರ್ವಾಲ್ಡ್ ಕ್ಯಾಮೆರಾವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

"ಅಂದ್ರೆ, ದಂಡದ ಕಾಗದ ಬರಲ್ಲ?"

"ಬರಲ್ಲ ಮಾವ."

"ನನ್ನ ಕಣ್ಣೂ ಮಂಜಾಗಿಲ್ಲ?"

"ನೋಡಿ ಇಲ್ಲಿ," ಎಂದು ಪ್ರೇಬೆನ್ ಚಿತ್ರ ತೋರಿಸಿದ. "ಎರಡೂ ತೆರೆದಿವೆ."

ಥೋರ್ವಾಲ್ಡ್ ಅಳಿಯನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಹಿಂದೆ ನಲವತ್ತು ಜನ ನುಗ್ಗಿದೆವು. ಬನ್ನು, ಬೆಣ್ಣೆ, ಕಾಫಿ, ಚಳಿಗೆಂದು ಒಂದೊಂದು ಗುಟುಕು ಕಹಿಮದ್ಯ. ಹಳೆಯ ಚಿತ್ರದ ಪಕ್ಕ ಹೊಸದಕ್ಕೆ ಆಗಲೇ ಮೊಳೆ ಹೊಡೆಸಿದ ಎಲ್ನಾ, ಎರಡರ ಜಾಗವನ್ನೂ ನೋಡಿ ಹೇಳಿದಳು: "ಇಪ್ಪತ್ತೈದು ವರ್ಷ ಮಲಗಿದ್ರು. ಇವತ್ತು ಎದ್ದರು."

ಕಾರ್ಯದರ್ಶಿಯಾಗಿ ನಾನು ಅಲ್ಲೇ ಎದ್ದು ನಿಂತು ಸಂಘದ ತುರ್ತುಸಭೆ ಕರೆದೆ. ವಿಷಯ: ಗಿರಣಿ ರಸ್ತೆಯ ವೇಗ. ಹಕ್ಕಿಗೂಡಿನ ಗುಟ್ಟನ್ನು ಆ ಮನೆಯಿಂದಾಚೆ ಯಾರೂ ಬಿಡಬಾರದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಪಾದ್ರಿಯಮ್ಮ ಕೈಯೆತ್ತುವಾಗ ಬೇರೆ ಕಡೆ ನೋಡುತ್ತಿದ್ದರು, ಆದರೆ ಕೈ ಎತ್ತಿದರು. ಇನ್ನು ಕಿಟಕಿಯಿಂದ ಮಿಂಚಿಸಕೂಡದು, ಗಾಡಿ ಓಡಿಸುವವನ ಕಣ್ಣು ಕುಕ್ಕುವುದು ಮಹಾಪಾಪ ಎಂದು ಥೋರ್ವಾಲ್ಡ್ ಹಟ ಹಿಡಿದರು. ಹಾಗಾದರೆ ಜನರಿಗೆ ಹೆದರಿಕೆ ಹೇಗೆ ಎಂಬ ಪ್ರಶ್ನೆಗೆ ಅವರೇ ಉಪಾಯ ಹೇಳಿದರು.

ಈಗ ದಿನಾ ಬೆಳಿಗ್ಗೆ ಆರೂವರೆಗೆ ಥೋರ್ವಾಲ್ಡ್ ಬನ್ನಿನ ಪೊಟ್ಟಣ ಹಿಡಿದು ಅಳಿಯನ ಮನೆಗೆ ಬರುತ್ತಾರೆ. ಪ್ರೇಬೆನ್ ಕಾಫಿ ಕೊಡುತ್ತಾನೆ. ಕಿಟಕಿಯ ಬಳಿ ಕುರ್ಚಿ. ಕಿಟಕಿಯ ಅಂಚಿನಲ್ಲಿ ಆ ಹಳೆಯ ಫ್ಲ್ಯಾಶು. ಅದು ಮಿಂಚುವುದಿಲ್ಲ. ಕುಂಯ್ ಎಂದು ಇಪ್ಪತ್ತು ಸೆಕೆಂಡು ರಾಗ ಎಳೆದು ತನ್ನ ಪುಟ್ಟ ಕೆಂಪು ದೀಪ ಹತ್ತಿಸಿಕೊಂಡು ಕೂತಿರುತ್ತದೆ, ಅಷ್ಟೇ. ಕತ್ತಲಲ್ಲಿ ಆ ಕೆಂಪು ಚುಕ್ಕೆ ಕಂಡ ಯಾವ ಕಾರೂ ಐವತ್ತು ದಾಟಿಲ್ಲ. ದಾಟುವಂತೆ ಕಂಡರೆ ಥೋರ್ವಾಲ್ಡ್ ಕನ್ನಡಕದ ಮೇಲಿಂದ ನೋಡುತ್ತಾರೆ, ಅವರ ಶಿಷ್ಯರಿಗೆ ಅಷ್ಟು ಸಾಕು.

ಮೊನ್ನೆ ಪುರಸಭೆಯಿಂದ ಮೋಗೆನ್ಸ್ ಅವರ ಸಹಿಯ ಪತ್ರ ಬಂತು. ಗಿರಣಿ ರಸ್ತೆಯ ಉಪಕರಣದಿಂದ ತುಂಬ ಒಳ್ಳೆಯ ಫಲಿತಾಂಶ ಬಂದಿರುವುದರಿಂದ, ಬರುವ ವಸಂತದಲ್ಲಿ ಅದನ್ನು ತೆಗೆದು ಇನ್ನೂ ಹೊಸ ಮಾಡೆಲ್ ಹಾಕಲು ಯೋಚಿಸಲಾಗಿದೆ, ಸಂಘದ ಅಭಿಪ್ರಾಯ ತಿಳಿಸಿ ಎಂದಿತ್ತು. ನಾನು ಹೋಗಿ ಕಿಟಕಿಯ ಬಳಿ ಅದನ್ನು ಓದಿ ಹೇಳಿದೆ. ಥೋರ್ವಾಲ್ಡ್ ಬನ್ನಿನ ಪುಡಿ ಒದರಿಕೊಂಡರು. ಕರವಸ್ತ್ರ ತೆಗೆದು ಹಳೆಯ ಫ್ಲ್ಯಾಶಿನ ಗಾಜನ್ನು ಮೆಲ್ಲಗೆ ಒರೆಸಿದರು.

"ಇವನನ್ನ ಯಾರೂ ಬದಲಾಯಿಸಬೇಕಾಗಿಲ್ಲ ಅಂತ ಬರಿ ವಿಗ್ಗೋ," ಎಂದರು. "ಸ್ವಲ್ಪ ನಿಧಾನ, ಅಷ್ಟೇ. ಕೆಲಸ ಚೆನ್ನಾಗೇ ಮಾಡ್ತಿದಾನೆ."

ನಾನು ಹಾಗೆಯೇ ಬರೆದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮರುದಿನವೇ ಬಂತು.